ಗೆರೆಗೆಷ್ಟು? ಅಥವಾ, ದುರ್ಗಸೀಮೆಯ ಚಿತ್ರಮೌಲ್ಯ ಮೀಮಾಂಸೆ

ಮಂಗಳಾಚರಣೆ

ಹೊಳಲ್ಕೆರೆಯ ಪ್ರಸನ್ನ ಗಣಪತಿಗೆ ಕೈಮುಗಿದು ಈ ಮೀಮಾಂಸೆಯನ್ನು ಆರಂಭಿಸುತ್ತಿದ್ದೇನೆ. ಗ್ರಂಥದ ಮೊದಲಲ್ಲಿ ಗಣಪನನ್ನು ನೆನೆಯುವುದು ವಾಡಿಕೆ. ಇಲ್ಲಿ ನೆನೆಯಲು ವಾಡಿಕೆಯಾಚೆಗೂ ಒಂದು ಕಾರಣವಿದೆ. ಭಾರತವನ್ನು ಬರೆದುಕೊಡು ಎಂದು ವ್ಯಾಸರು ಕೇಳಿದಾಗ ಗಣಪ ಕೈಗೆ ಲೇಖನಿ ತೆಗೆದುಕೊಳ್ಳುವ ಮೊದಲು ಷರತ್ತು ಹಾಕಿದ: ನಡುವೆ ನಿಲ್ಲಿಸಬಾರದು. ವ್ಯಾಸರು ತಿರುಗಿ ಇನ್ನೊಂದು ಹಾಕಿದರು: ಅರ್ಥ ಮಾಡಿಕೊಳ್ಳದೆ ಬರೆಯಬಾರದು. ಇಬ್ಬರೂ ಒಪ್ಪಿದ ಮೇಲೆ ಕೆಲಸ ಶುರುವಾಯಿತು. ಕೆಲಸಕ್ಕೆ ಮುಂಚೆಯೇ ಷರತ್ತು ಮಾತಾಡಿಕೊಂಡ ಇಂಥ ಎರಡನೆಯ ನಿದರ್ಶನ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕೂ ತಾಲ್ಲೂಕುಗಳಲ್ಲಿ ಜಾಲಾಡಿದರೂ ಪ್ರಬಂಧಕಾರನಿಗೆ ದೊರೆಯಲಿಲ್ಲ. ಆದರೆ ಗಣಪನೂ ದರದ ಮಾತು ಎತ್ತಲಿಲ್ಲ ಎಂಬುದನ್ನು ವಿದ್ವಾಂಸರು ಗಮನಿಸಬೇಕು. ಬರೆದುಕೊಡುವವನಿಗೆ ಕಡುಬು ಕೊಟ್ಟರೆ ಸಾಕು ಎಂಬ ಲೋಕನಂಬಿಕೆಯ ಮೂಲ ಬಹುಶಃ ಇದೇ.

ವಿಷಯವ್ಯಾಪ್ತಿ

ದುಡ್ಡು ಕೊಟ್ಟು, ಅಥವಾ ಕೊಡುತ್ತೇನೆಂದು ಹೇಳಿ, ಬರೆಸಿದ ವ್ಯಂಗ್ಯಚಿತ್ರವೇ ಇಲ್ಲಿನ ವಸ್ತು. ಸ್ವಂತ ಖುಷಿಗೆ ಬರೆದದ್ದು ಇದರಲ್ಲಿ ಸೇರುವುದಿಲ್ಲ. ಅದಕ್ಕೆ ದರವೂ ಇಲ್ಲ, ಜಗಳವೂ ಇಲ್ಲ. ಲಗ್ನಪತ್ರಿಕೆಯ ಮೇಲೆ ಬುಲೆಟ್ ಏರಿ ಹೊರಟ ಮದುಮಗ, ನಿವೃತ್ತರಾಗುವ ಹೆಡ್ ಮಾಸ್ತರಿಗೆ ಬೀಳ್ಕೊಡುಗೆಯ ದಿನ ಕೊಡುವ ದೊಡ್ಡ ತಲೆ ಸಣ್ಣ ಮೈಯ ಚಿತ್ರ, ಬೀಜ-ಗೊಬ್ಬರದಂಗಡಿಯ ಕ್ಯಾಲೆಂಡರಿನಲ್ಲಿ ಮೀಸೆ ತಿರುವುವ ಈರುಳ್ಳಿ, ಪಂಚಾಯ್ತಿ ಗೋಡೆಯ ಮೇಲೆ ಶೌಚಾಲಯದ ಕಡೆ ಓಡುವ ತಂಬಿಗೆ, ಮಿಲ್ಟ್ರಿ ಹೋಟೆಲಿನ ಬೋರ್ಡಿನಲ್ಲಿ ತನ್ನನ್ನೇ ತಟ್ಟೆಯಲ್ಲಿಟ್ಟುಕೊಂಡು ನಗುವ ಕೋಳಿ. ಇವೇ ಆಕರಗಳು. ಈ ಕೋಳಿಯ ಮನಸ್ಥಿತಿ ಕುರಿತು ಬೇರೆಯೇ ಪ್ರಬಂಧ ಬರೆಯಬೇಕು.

ಇವನ್ನೆಲ್ಲ ಬರೆಯುವವರು ಹೆಚ್ಚಾಗಿ ಡ್ರಾಯಿಂಗ್ ಮೇಷ್ಟ್ರು. ಇಲ್ಲವೇ ಒಂದು ಕಾಲಕ್ಕೆ ಬೋರ್ಡು, ಬ್ಯಾನರು ಬರೆದುಕೊಂಡಿದ್ದು, ಫ್ಲೆಕ್ಸ್ ಬಂದ ಮೇಲೆ ಬ್ರಶ್ಶನ್ನು ಸೀಮೆಎಣ್ಣೆಯ ಡಬ್ಬಿಯಲ್ಲೇ ಮರೆತವರು.

ಪೂರ್ವಪಕ್ಷ

ಗಿರಾಕಿಗಳದು ಒಂದೇ ಮತ ಎಂದು ತಿಳಿಯಬಾರದು. ಅದರಲ್ಲಿ ಪಂಥಗಳುಂಟು. ಎಲ್ಲಕ್ಕಿಂತ ಹಳೆಯದು ದ್ವಿರೇಖಾವಾದ: “ಎರಡು ಗೆರೆ ತಾನೇ, ಎಳೆದುಕೊಡ್ರಿ.” ಮಠದ ಜಾತ್ರೆಯ ಜನಜಂಗುಳಿಯನ್ನೇ ಬರೆಸಲಿ, ದ್ವಿರೇಖಾವಾದಿಯ ಕಣ್ಣಿಗೆ ಅದರಲ್ಲಿರುವುದು ಎರಡೇ ಗೆರೆ. ಮೂರನೆಯದನ್ನು ಅವನು ಪ್ರಮಾಣವೆಂದು ಒಪ್ಪುವುದಿಲ್ಲ. ಎರಡನೆಯದು ಕ್ಷಣಿಕವಾದ: “ಐದೇ ನಿಮಿಷದಾಗೆ ಬರದ್ರಿ, ಅದಕ್ಕಿಷ್ಟಾ?” ಐದು ನಿಮಿಷದಲ್ಲಿ ಬರೆಯಲು ಇಪ್ಪತ್ತು ವರ್ಷ ಹಿಡಿಯಿತು ಎಂಬ ಪ್ರತಿವಾದ ಈ ಸೀಮೆಯಲ್ಲಿ ಗೆದ್ದ ದಾಖಲೆಯಿಲ್ಲ. ಹಾಗಾಗಿ ಜಾಣ ಕಲಾವಿದರು ಬೇರೆ ದಾರಿ ಹಿಡಿದಿದ್ದಾರೆ: ಅರ್ಧ ಗಂಟೆಯಲ್ಲಿ ಮುಗಿಸಿ, ಬೀರುವಿನಲ್ಲಿಟ್ಟು, ವಾರ ಕಳೆದ ಮೇಲೆ ಫೋನ್ ಮಾಡಿ, “ರಾತ್ರಿಯೆಲ್ಲಾ ಕೂತಿದ್ದೆ ಕಣಣ್ಣ” ಎನ್ನುವುದು. ದರ ತಾನಾಗಿ ಏರುತ್ತದೆ.

ಮೂರನೆಯದು ಚದರಡಿವಾದ. ಫ್ಲೆಕ್ಸ್ ಅಂಗಡಿಯಲ್ಲಿ ಎಲ್ಲವೂ ಚದರಡಿಯ ಲೆಕ್ಕ. ಆರು ಅಡಿಗೆ ನಾಲ್ಕು ಅಡಿಯ ಬ್ಯಾನರಿಗೆ, ಅದರಲ್ಲಿ ನಾಯಕರ ಮುಖವಿದ್ದರೂ ನಾಮಕರಣದ ಕೂಸಿದ್ದರೂ, ಒಂದೇ ರೇಟು. ಈ ವಾದಿಗಳು ಅಂಗೈಯಗಲದ ಚಿತ್ರ ತಂದ ಮೇಷ್ಟ್ರ ಮುಂದೆ ಮನಸ್ಸಿನಲ್ಲೇ ಟೇಪು ಹಿಡಿಯುತ್ತಾರೆ. ನಾಲ್ಕನೆಯದು ತೀರಾ ಈಚಿನದು. 2025ರ ಮಾರ್ಚಿನಲ್ಲಿ ಊರೂರಿನವರೆಲ್ಲ ಮೊಬೈಲಿನಲ್ಲಿ ಎಐನಿಂದ ಜಪಾನಿ ಕಾರ್ಟೂನಿನ ಕಣ್ಣು ತರಿಸಿಕೊಂಡು ಡಿಪಿಗೆ ಹಾಕಿಕೊಂಡರಲ್ಲ, ಆಗ ಪ್ರಚಾರಕ್ಕೆ ಬಂದ ಮಾಯಾವಾದ: ಚಿತ್ರ ಉಂಟು, ಬರೆದವನು ಮಿಥ್ಯೆ. “ಇದರಾಗೆ ಫ್ರೀಯಾಗಿ ಬರುತ್ತೆ ಮೇಷ್ಟ್ರೇ, ನೀವು ಯಾಕೆ ಸುಮ್ನೆ ಕಷ್ಟ ಪಡ್ತೀರಿ?”

ಈ ನಾಲ್ಕೂ ಪಂಥಗಳು ಒಮ್ಮತದಿಂದ ಒಪ್ಪುವ ಸೂತ್ರ ಒಂದೇ: ಸಂಬಂಧ ಹತ್ತಿರವಾದಷ್ಟೂ ದರ ಇಳಿಯತಕ್ಕದ್ದು. ಬೆಂಗಳೂರಿನವನಿಗೆ ಪೂರ್ತಿ, ಪಕ್ಕದ ತಾಲ್ಲೂಕಿನವನಿಗೆ ಅರ್ಧ, ಊರಿನವನಿಗೆ ಟೀ, ಷಡ್ಡಕನಿಗೆ ಟೀ ಕೂಡ ಮೇಷ್ಟ್ರೇ ಕುಡಿಸಬೇಕು. ಪೂರ್ವಪಕ್ಷದ ಪೂರ್ಣ ಸ್ವರೂಪವನ್ನು ಹೊಸದುರ್ಗದ ಒಂದು ಹೋಟೆಲಿನ ಗಲ್ಲಾಪೆಟ್ಟಿಗೆಯ ಬಳಿ ದಾಖಲಿಸಲಾಯಿತು:

“ಎಷ್ಟಾಯ್ತು ಮೇಷ್ಟ್ರೇ?”

“ಸಾವಿರದೈನೂರು.”

“ಒಂದು ಕೋಳಿಗಾ? ನಾಟಿ ಕೋಳಿಗೂ ಅಷ್ಟಿಲ್ವಲ್ರೀ!”

“ಇದು ನಗ್ತೈತಲ್ಲಣ್ಣ.”

“ನಗದೇ ಇರೋದು ಎಷ್ಟು?”

ಸಿದ್ಧಾಂತ

ಶಾಸ್ತ್ರ ಯಾವುದು? 1957ರ ಕೃತಿಸ್ವಾಮ್ಯ ಕಾಯ್ದೆ. ಅದರ ಎರಡನೇ ಸೆಕ್ಷನ್ ಕಲಾಕೃತಿ ಎಂದರೇನು ಎಂದು ಹೇಳುವಾಗ ಪೇಂಟಿಂಗ್, ಶಿಲ್ಪ, ಡ್ರಾಯಿಂಗ್, ಎನ್‌ಗ್ರೇವಿಂಗ್, ಫೋಟೊ ಎಲ್ಲ ಎಣಿಸಿ, ಕೊನೆಗೆ ಅದರಲ್ಲಿ ಕಲಾಗುಣ ಇರಲಿ ಬಿಡಲಿ, ಅದು ಕಲಾಕೃತಿಯೇ ಎಂದು ಸೇರಿಸುತ್ತದೆ. ಯಾವ ವಿಮರ್ಶಕನೂ ತೋರದ ಔದಾರ್ಯವನ್ನು ಸಂಸತ್ತು ತೋರಿದೆ. ನಾಲ್ಕು ತಾಲ್ಲೂಕಿನ ಕೋಳಿ, ತಂಬಿಗೆ, ಈರುಳ್ಳಿಗಳೆಲ್ಲ ಈ ಒಂದು ವಾಕ್ಯದ ನೆರಳಿನಲ್ಲಿ ನೆಮ್ಮದಿಯಾಗಿವೆ.

ಹದಿನೇಳನೇ ಸೆಕ್ಷನ್ ಪ್ರಕಾರ ಬರೆದವನೇ ಮೊದಲ ಒಡೆಯ. ಇದನ್ನು ಕೇಳಿ ಮೇಷ್ಟ್ರು ಹಿಗ್ಗುವಷ್ಟರಲ್ಲಿ ಅಪವಾದಗಳು ಬರುತ್ತವೆ. ನೌಕರಿಯಲ್ಲಿದ್ದುಕೊಂಡು ಆ ಕೆಲಸದ ಭಾಗವಾಗಿ ಬರೆದದ್ದು, ಬೇರೆ ಕರಾರಿಲ್ಲದಿದ್ದರೆ, ಧಣಿಯದು. ಪತ್ರಿಕೆಯ ನೌಕರ ಪತ್ರಿಕೆಗಾಗಿ ಬರೆದದ್ದಾದರೆ ಪ್ರಕಟಣೆಯ ಮಟ್ಟಿಗೆ ಪತ್ರಿಕೆಯದು, ಉಳಿದದ್ದು ಅವನದೇ. ಮೂರನೆಯ ಅಪವಾದವೇ ನಮ್ಮ ಸೀಮೆಯ ನಿಜವಾದ ಸಮಸ್ಯೆ: ದುಡ್ಡು ಕೊಟ್ಟು ತೆಗೆಸಿದ ಫೋಟೊ, ಬರೆಸಿದ ಪೇಂಟಿಂಗ್ ಅಥವಾ ಭಾವಚಿತ್ರ, ಮಾಡಿಸಿದ ಎನ್‌ಗ್ರೇವಿಂಗ್, ಸಿನಿಮಾ, ಇವು ಬೇರೆ ಕರಾರಿಲ್ಲದಿದ್ದರೆ ಮಾಡಿಸಿದವನ ಸ್ವತ್ತು.

ಪಟ್ಟಿಯನ್ನು ಮತ್ತೊಮ್ಮೆ ಓದಿ. ಡ್ರಾಯಿಂಗ್ ಇಲ್ಲ. ಎರಡನೇ ಸೆಕ್ಷನ್ನಿನಲ್ಲಿ ಪೇಂಟಿಂಗನ್ನೂ ಡ್ರಾಯಿಂಗನ್ನೂ ಬೇರೆಬೇರೆ ಎಣಿಸಿದ ಕಾಯ್ದೆ ಹದಿನೇಳಕ್ಕೆ ಬರುವಾಗ ಡ್ರಾಯಿಂಗಿನ ಕೈಬಿಟ್ಟಿದೆ. ಅಂದಮೇಲೆ ಪೆನ್ನಿನಲ್ಲಿ ಬರೆದ ಕೋಳಿ ಮೇಷ್ಟ್ರದು. ಅದೇ ಕೋಳಿಗೆ ಬ್ರಶ್ಶಿನಲ್ಲಿ ಬಣ್ಣ ಮೆತ್ತಿದರೆ ಅದು ಪೇಂಟಿಂಗಾಗಿ ಹೋಟೆಲಿನವನ ಕಡೆ ಓಡುವ ಅಪಾಯವಿದೆ. ಹೀಗೆ ಜುಟ್ಟಿನ ಕೆಂಪು ಒಣಗುವುದರೊಳಗೆ ಒಡೆತನ ಬದಲಾಗಬಹುದಾದ ಏಕಮಾತ್ರ ಪಕ್ಷಿ ಇದು.

ಮದುಮಗನ ವಿಷಯ ಇನ್ನೂ ಸೂಕ್ಷ್ಮ. ಬುಲೆಟ್ ಏರಿದ ಅವನ ವ್ಯಂಗ್ಯಚಿತ್ರ ಡ್ರಾಯಿಂಗೋ ಭಾವಚಿತ್ರವೋ? ಪ್ರಬಂಧಕಾರನ ಸ್ವತಂತ್ರ ನಿರ್ಣಯ ಹೀಗಿದೆ: ಹೋಲಿದರೆ ಭಾವಚಿತ್ರ, ಹೋಲದಿದ್ದರೆ ಡ್ರಾಯಿಂಗ್. ಮೂಗು, ಗಲ್ಲ, ಬೈತಲೆ ಎಲ್ಲ ತದ್ವತ್ ಬಂದು ಮನೆಮಂದಿ “ಅವ್ನೇ ಕಣಮ್ಮಾ!” ಎಂದು ಕೂಗಿದರೆ ಕೃತಿಸ್ವಾಮ್ಯ ಮದುಮಗನಿಗೆ ಹೋಯಿತು. ಸೋದರತ್ತೆ ಕನ್ನಡಕ ಏರಿಸಿ “ಇದ್ಯಾರಪ್ಪಾ?” ಎಂದರೆ ಅದು ಕಲಾವಿದನಲ್ಲೇ ಉಳಿಯಿತು. ಇದರಿಂದ ಹೊರಡುವ ಉಪಸಿದ್ಧಾಂತ ಭಯಂಕರವಾದದ್ದು: ಕೈಚಳಕ ಹೆಚ್ಚಿದಷ್ಟೂ ಹಕ್ಕು ಕಮ್ಮಿ. ಈ ಜಿಲ್ಲೆಯಲ್ಲಿ ಅತಿ ಹೆಚ್ಚು ಕೃತಿಸ್ವಾಮ್ಯವುಳ್ಳವರು ಬರೆಯಲು ಬಾರದವರೇ ಆಗಿರಬೇಕು. ವಕೀಲರು ಇದನ್ನು ಒಪ್ಪಲಿಕ್ಕಿಲ್ಲ. ಒಪ್ಪದಿರುವುದಕ್ಕೆ ಅವರ ಫೀಸು ಬೇರೆ. ‘ಬೇರೆ ಕರಾರಿಲ್ಲದಿದ್ದರೆ’ ಎಂಬ ಮಾತು ಕಾಯ್ದೆಯಲ್ಲೇ ಇರುವುದರಿಂದ, ನಾಲ್ಕು ಸಾಲಿನ ಚೀಟಿಯೊಂದಿದ್ದರೆ ಸೋದರತ್ತೆಯ ಸಾಕ್ಷ್ಯದ ಅಗತ್ಯವೇ ಬೀಳುವುದಿಲ್ಲ.

ಚೇಣಿ ಪ್ರಕರಣ

ಲೈಸೆನ್ಸ್ ಎಂದರೆ ಏನೆಂದು ದುರ್ಗದ ಜನಕ್ಕೆ ತಿಳಿಯದು ಎಂದು ಕೆಲವರು ಹೇಳುತ್ತಾರೆ. ಇದು ಅಪ್ಪಟ ಸುಳ್ಳು. ಹೊಳಲ್ಕೆರೆ ಕಡೆಯ ತೋಟಗಳಲ್ಲಿ ಅಡಿಕೆ ಫಸಲನ್ನು ಚೇಣಿಗೆ (ಪಾಠಾಂತರ: ಖೇಣಿ) ಕೊಡುವ ಪದ್ಧತಿ ಇದೆ. ಚೇಣಿದಾರ ಕೊನೆ ಕೊಯ್ಯುತ್ತಾನೆ, ಸುಲಿಸುತ್ತಾನೆ, ಬೇಯಿಸಿ ಒಣಗಿಸಿ ಮಾರುತ್ತಾನೆ. ಮರ ಮಾತ್ರ ತೋಟದವನದು. ಈ ಫಸಲು ತೆಗೆದುಕೊಂಡವನು ಮುಂದಿನ ಫಸಲಿಗೆ ಕೈ ಹಾಕುವಂತಿಲ್ಲ. ನಡುವೆ ಒಂದು ಸೋಗೆ ಹೊತ್ತೊಯ್ದರೂ ಮಾತು ಬರುತ್ತದೆ. ಮರ ಕಡಿದು ಕೊಟ್ಟಿಗೆಗೆ ದಬ್ಬೆ ಮಾಡಿಕೊಂಡರಂತೂ ಪಂಚಾಯ್ತಿಯೇ ಸೇರುತ್ತದೆ. ಲೈಸೆನ್ಸ್ ಎಂದರೆ ಇಷ್ಟೇ. ಹಕ್ಕನ್ನೇ ಬರೆದುಕೊಡುವುದು ತೋಟದ ಕ್ರಯ. ಎರಡಕ್ಕೂ ಒಂದೇ ರೇಟು ಕೇಳಿದವನನ್ನು ಯಾವ ಅಡಿಕೆಯವನೂ ಕಟ್ಟೆಯ ಮೇಲೆ ಕೂರಿಸುವುದಿಲ್ಲ.

ಇಷ್ಟೆಲ್ಲ ತಿಳಿದ ತೋಟದ ಯಜಮಾನರೊಬ್ಬರು ಮಗಳ ಲಗ್ನಪತ್ರಿಕೆಗೆಂದು ಒಂದು ಚಿತ್ರ ಬರೆಸಿದರು: ರುಮಾಲು ಸುತ್ತಿ, ಕೊನೆ ಹೊತ್ತು, ಮೀಸೆಯಡಿ ನಗುತ್ತಿರುವ ಅವರೇ (ಹೋಲಿಕೆ ಇಲ್ಲದ್ದರಿಂದ ಹಕ್ಕು ಮೇಷ್ಟ್ರದೇ). ಚಿತ್ರ ಮದುವೆ ಮುಗಿದ ಮೇಲೂ ದುಡಿಯಿತು. ಮೊದಲು ತಮ್ಮನ ಮಂಡಿಯ ವಿಸಿಟಿಂಗ್ ಕಾರ್ಡ್, ಆಮೇಲೆ ಟ್ರ್ಯಾಕ್ಟರ್ ಟ್ರೈಲರಿನ ಹಿಂಬದಿ, ಆಮೇಲೆ ಪಂಚಾಯ್ತಿ ಚುನಾವಣೆಯ ಕರಪತ್ರ (ಕೊನೆಯನ್ನು ಅಳಿಸಿ ಅಲ್ಲಿ ಚುನಾವಣೆ ಗುರುತನ್ನು ಹೊರಿಸಲಾಗಿತ್ತು), ಕಡೆಗೆ ಮೊಮ್ಮಗನ ಹುಟ್ಟುಹಬ್ಬದ ಫೋಟೊ ಕೇಕು. ಒಂದು ಚೇಣಿ ಕೊಟ್ಟು ಐದು ಫಸಲು. ಕೇಕಿನ ಪ್ರಶ್ನೆ ಶಾಸ್ತ್ರದೃಷ್ಟಿಯಿಂದ ಬಹಳ ರುಚಿಕರ. ಯಾವುದೇ ಭೌತಿಕ ರೂಪದಲ್ಲಿ ಪ್ರತಿ ಮಾಡುವ ಹಕ್ಕು ಒಡೆಯನದೇ ಎನ್ನುತ್ತದೆ ಹದಿನಾಲ್ಕನೇ ಸೆಕ್ಷನ್. ಕ್ರೀಮು ಭೌತಿಕವೇ. ಆದರೆ ಉಲ್ಲಂಘನೆಯ ಪ್ರತಿಯನ್ನು ಮೀಸೆಯಿಂದ ಶುರುಮಾಡಿ ಮಕ್ಕಳೆಲ್ಲ ತಿಂದು ಮುಗಿಸಿದ್ದರಿಂದ ಸಾಕ್ಷ್ಯ ಉಳಿದಿಲ್ಲ.

ಕಾಯ್ದೆ ಇಲ್ಲಿ ಅಡಿಕೆಯವರಷ್ಟೇ ಬಿಗಿ. ಹಕ್ಕು ಬರೆದುಕೊಡುವುದು ಲಿಖಿತವಾಗಿರಬೇಕು, ಸಹಿ ಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಎಲ್ಲೆಲ್ಲಿ, ಎಷ್ಟು ದುಡ್ಡು ಎಂಬುದು ಅದರಲ್ಲಿ ಬರಬೇಕು ಎನ್ನುತ್ತದೆ ಹತ್ತೊಂಬತ್ತನೇ ಸೆಕ್ಷನ್. ಅದೇ ನಿಯಮಗಳನ್ನು ಲೈಸೆನ್ಸಿಗೂ ಒಗ್ಗಿಸಿ ಅನ್ವಯಿಸಲಾಗಿದೆ. ಕಾಲ ಹೇಳದಿದ್ದರೆ ಐದು ವರ್ಷ. ಜಾಗ ಹೇಳದಿದ್ದರೆ ಇಡೀ ಭಾರತ. ಹಾಗಾಗಿ ಬರಹದಲ್ಲಿ ಜಾಗ ನಮೂದಿಸದೆ, ಬಾಯಿಮಾತಿನಲ್ಲಷ್ಟೇ ಹೊಸದುರ್ಗದ ಬಸ್‌ಸ್ಟ್ಯಾಂಡ್ ಎದುರಿಗೆಂದು ಕೊಟ್ಟ ಕೋಳಿ ಕಾಶ್ಮೀರದಲ್ಲೂ ನಗಬಹುದು. ಪಡೆದ ಹಕ್ಕನ್ನು ಒಂದು ವರ್ಷ ಬಳಸದೆ ಇಟ್ಟರೆ, ಬೇರೆ ಮಾತಿಲ್ಲದಿದ್ದರೆ, ಅದು ರದ್ದಾಗುತ್ತದೆ.

ಒಂದೇ ಚಿತ್ರವನ್ನು ಎರಡು ಕಡೆ ದುಡಿಸಬಹುದು ಎಂಬುದಕ್ಕೆ ದೂರ ಹೋಗಬೇಕಿಲ್ಲ. ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯ 1951ರಿಂದ ಪತ್ರಿಕೆಯ ಮೂಲೆಯಲ್ಲಿ ಚೌಕುಳಿ ಕೋಟು ತೊಟ್ಟು ಬಾಯಿಮುಚ್ಚಿಕೊಂಡು ನಿಂತವನು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಹಾರಿಸಿದ ಏರ್ ಡೆಕ್ಕನ್ನಿಗೂ ಅವನೇ ಗುರುತಾದ. ಜೀವಮಾನದಲ್ಲಿ ಎಂದೂ ವಿಮಾನ ಹತ್ತದವರಿಗಾಗಿ ವಿಮಾನ ಎಂದು ಹೇಳುವುದಕ್ಕೆ ಬೇರೆ ಮುಖ ಎಲ್ಲಿ ಸಿಗಬೇಕು? ಇದೇ ಲಕ್ಷ್ಮಣ್ 1954ರಲ್ಲಿ ಏಷ್ಯನ್ ಪೇಂಟ್ಸಿಗೆ ಬಣ್ಣದ ಡಬ್ಬಿ ಹಿಡಿದ ತುಂಟ ಹುಡುಗನನ್ನು ಬರೆದುಕೊಟ್ಟರು. ಹುಡುಗನಿಗೆ ಹೆಸರಿಡಲು ಕಂಪನಿ ಸ್ಪರ್ಧೆ ಮಾಡಿತು, 500 ರೂಪಾಯಿ ಬಹುಮಾನ, ಹೆಸರು ‘ಗಟ್ಟು’. 2002ರವರೆಗೂ ಅವನು ಡಬ್ಬಿ ಇಳಿಸಲಿಲ್ಲ. 1954ರಲ್ಲಿ ಎರಡಕ್ಷರದ ಹೆಸರಿಗೆ ಐನೂರು. ಇಂದು ನಮ್ಮ ಸೀಮೆಯಲ್ಲಿ ಹೆಸರು, ಮೈ, ಡಬ್ಬಿ ಎಲ್ಲ ಸೇರಿ ಐನೂರು ಎಂದರೂ “ಸ್ವಲ್ಪ ನೋಡ್ಕೊಂಡು ಹೇಳ್ರಿ” ಎನ್ನುತ್ತಾರೆ. ಆ ಐನೂರಕ್ಕೆ ಇನ್ನೊಂದು ಉಪಯೋಗವಿದೆ: ಕಲಾಕೃತಿಯೊಂದರ ಕೃತಿಸ್ವಾಮ್ಯ ನೋಂದಣಿ ಶುಲ್ಕ ಅಷ್ಟೇ. ಚಿತ್ರ ಸರಕಿನ ಮೇಲೆ ಬಳಸುವಂಥದ್ದಾದರೆ, ಉದಾಹರಣೆಗೆ ಕಡಲೆಕಾಯಿ ಎಣ್ಣೆಯ ಪ್ಯಾಕೆಟ್ಟು, ಶುಲ್ಕ 2,000. ನೋಂದಣಿ ಕಡ್ಡಾಯವಲ್ಲ, ಬರೆದ ಕ್ಷಣವೇ ಹಕ್ಕು ಹುಟ್ಟುತ್ತದೆ. ಕಡ್ಡಾಯವಾಗಿದ್ದರೆ ಸಂಪಾದನೆಗಿಂತ ಶುಲ್ಕವೇ ಮೇಲಾಗುತ್ತಿತ್ತು.

ಹಕ್ಕಿನ ಆಯುಸ್ಸು ಬರೆದವನ ಆಯುಸ್ಸಿನ ಮೇಲೆ 60 ವರ್ಷ. ಹಿರಿಯೂರಿನವರಿಗೆ ಇದು ದೊಡ್ಡ ಸಂಖ್ಯೆಯಲ್ಲ. ಅವರ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಮೇಲೆ ಮತ್ತೆ ಬಿದ್ದದ್ದು 2022ರಲ್ಲಿ.

ಸಹಿ ಪ್ರಕರಣ

ಈ ಜಿಲ್ಲೆಯ ಅತಿ ಹಳೆಯ ಸಹಿಗಳಲ್ಲೊಂದು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲಿದೆ. ಅಶೋಕನ ಶಾಸನದ ಕೊನೆಯಲ್ಲಿ ಚಪಡ ಎಂಬ ಲಿಪಿಕಾರ ತನ್ನ ಹೆಸರು ಹಾಕಿಕೊಂಡಿದ್ದಾನೆ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೆ, ತಾನು ಲಿಪಿಕಾರ ಎಂಬ ಮಾತನ್ನು ಮಾತ್ರ ಈ ಭಾಗದಲ್ಲಿ ಯಾರಿಗೂ ಬಾರದ, ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಲಿಪಿತಜ್ಞರು ಇದರಿಂದ ಅವನಿಗೆ ವಾಯವ್ಯ ಭಾರತದ ನಂಟಿತ್ತೆಂದು ಊಹಿಸುತ್ತಾರೆ. ಪ್ರಬಂಧಕಾರ ಅದನ್ನು ವಾಟರ್‌ಮಾರ್ಕ್ ಎಂದು ಭಾವಿಸುತ್ತಾನೆ. ಓದಲು ಬಾರದ್ದನ್ನು ಅಳಿಸಬೇಕೆಂದು ಯಾರಿಗೂ ತೋಚದು. ಚಪಡ ಸರ್ಕಾರಿ ನೌಕರನಾದ್ದರಿಂದ ಇಂದಿನ ಲೆಕ್ಕದಲ್ಲಿ ಕೃತಿಸ್ವಾಮ್ಯ ಚಕ್ರವರ್ತಿಯದು, ಸಹಿ ಮಾತ್ರ ಅವನದು. ಎರಡು ಸಾವಿರ ವರ್ಷ ದಾಟಿದರೂ ಅದು ಉಳಿದಿದೆ. ಬ್ರಹ್ಮಗಿರಿಯಲ್ಲಿ ಆಗ ಕೋರಲ್ ಡ್ರಾ ಇರಲಿಲ್ಲ.

ಈಗ ಇದೆ. ಫ್ಲೆಕ್ಸ್ ಅಂಗಡಿಯ ಹುಡುಗನ ಪಕ್ಕ ಕುಳಿತು ನೋಡಿದ್ದನ್ನು ಬರೆಯುತ್ತೇನೆ. ಮೇಷ್ಟ್ರ ಚಿತ್ರ ಪರದೆಯ ಮೇಲಿತ್ತು, ಬುಲೆಟ್ಟಿನ ಹಿಂದಿನ ಚಕ್ರದ ಹತ್ತಿರ ಇರುವೆಯಷ್ಟು ಸಹಿ. ಹುಡುಗ ಮೊದಲು ಚಿತ್ರವನ್ನು ಅಡ್ಡಡ್ಡ ಎಳೆದ. ಮದುಮಗ ಒಮ್ಮೆಲೇ ದಪ್ಪಗಾದ. ಆಮೇಲೆ ಕೆಳಗಡೆ ‘ಶುಭ ಕೋರುವವರು’ ಪಟ್ಟಿ ತಂದು ಕೂರಿಸಿದ: ಹದಿನಾಲ್ಕು ಪಾಸ್‌ಪೋರ್ಟ್ ಫೋಟೊ, ಎಲ್ಲರೂ ಫೋನಿನಲ್ಲಿ ಮಾತಾಡುತ್ತಿರುವ ಭಂಗಿ. ಸಹಿ ಒಂಬತ್ತನೆಯವರ ಕಿವಿಯ ಹಿಂದೆ ಹೋಯಿತು. ಇದು ಬರೆದವರ ಹೆಸರಲ್ಲವೇನಪ್ಪಾ ಎಂದರೆ, “ಹೌದಣ್ಣ, ಆದ್ರೆ ಅವರು ಶುಭ ಕೋರಿಲ್ವಲ್ಲ” ಎಂದ. ಈ ತರ್ಕಕ್ಕೆ ಉತ್ತರ ಯಾವ ಭಾಷ್ಯದಲ್ಲೂ ಇಲ್ಲ.

ಕಾಯ್ದೆಯ 57ನೇ ಸೆಕ್ಷನ್ ಇಂಥದ್ದಕ್ಕೇ ಹುಟ್ಟಿದ್ದು. ಕೃತಿಸ್ವಾಮ್ಯ ಪೂರ್ತಿ ಮಾರಿದ ಮೇಲೂ, ಇದು ನನ್ನದು ಎಂದು ಹೇಳುವ ಹಕ್ಕು, ತನ್ನ ಗೌರವಕ್ಕೆ ಕುಂದಾಗುವಂತೆ ಕೃತಿಯನ್ನು ವಿರೂಪ ಮಾಡಿದರೆ ತಡೆಯುವ ಹಕ್ಕು ಕರ್ತೃವಿನಲ್ಲೇ ಉಳಿಯುತ್ತದೆ. ದೆಹಲಿಯ ವಿಜ್ಞಾನ ಭವನಕ್ಕೆ ಶಿಲ್ಪಿ ಅಮರನಾಥ ಸೆಹಗಲ್ ಮಾಡಿಕೊಟ್ಟಿದ್ದ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಗೋದಾಮಿಗೆ ತಳ್ಳಿದರು. ದೆಹಲಿ ಹೈಕೋರ್ಟು 2005ರಲ್ಲಿ ಅದರ ಅವಶೇಷಗಳನ್ನು ಶಿಲ್ಪಿಗೆ ಮರಳಿಸಿ, ಐದು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಸರ್ಕಾರದ ವಿರುದ್ಧ ಗೆಲ್ಲಬಹುದು. ಹದಿನಾಲ್ಕು ಜನ ಶುಭ ಕೋರುವವರ ವಿರುದ್ಧ ಗೆದ್ದು ಅದೇ ಊರಲ್ಲಿ ಬಾಳುವುದು ಬೇರೆ.

ನಮ್ಮ ಸೀಮೆಯ ವಿರೂಪಶಾಸ್ತ್ರಕ್ಕೆ ದೊಡ್ಡ ನಿದರ್ಶನ ಕಾದಂಬರಿಕಾರ ತರಾಸು ಅವರದು. ಅವರ ಮೂರು ಕಾದಂಬರಿ ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ಚಿತ್ರದುರ್ಗದ ಕೋಟೆಯಲ್ಲೇ ‘ನಾಗರಹಾವು’ ಸಿನಿಮಾ ತೆಗೆದರು. ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರೆಂದು ಕಾದಂಬರಿಕಾರರು ಮುನಿಸಿಕೊಂಡರೆಂಬ ಮಾತು ದುರ್ಗದಲ್ಲಿ ಈಗಲೂ ಓಡಾಡುತ್ತದೆ. ಜನ ಮಾತ್ರ ಕೇರೆಹಾವನ್ನೇ ನಾಗರವೆಂದು ಹಾಲೆರೆದು ಪೂಜಿಸಿದರು. ಅಷ್ಟೇ ಅಲ್ಲ, ಅದರಲ್ಲಿ ಜಯಂತಿ ಓಬವ್ವನಾಗಿ ಒನಕೆ ಎತ್ತಿದ ಮೇಲೆ ಕ್ಯಾಲೆಂಡರು, ಸ್ತಬ್ಧಚಿತ್ರ, ಶಾಲಾ ಗೋಡೆ ಎಲ್ಲ ಕಡೆ ಓಬವ್ವನಿಗೆ ಬಹಳ ಮಟ್ಟಿಗೆ ಅದೇ ಮುಖ. ಸಾರ್ವಜನಿಕ ಜಾಗದಲ್ಲಿ ಕಾಯಂ ನಿಂತ ಪ್ರತಿಮೆಯನ್ನು ನೋಡಿ ಚಿತ್ರ ಬರೆದರೆ ಶಿಲ್ಪಿಯನ್ನು ಕೇಳಬೇಕಿಲ್ಲ ಎಂದು 52ನೇ ಸೆಕ್ಷನ್ ಹೇಳುವುದರಿಂದ, ಓಬವ್ವನನ್ನು ಬರೆಯುವ ಮೇಷ್ಟ್ರು ಸುತ್ತು ಹಾಕಿ ಪ್ರತಿಮೆಯನ್ನೇ ಮಾದರಿ ಇಟ್ಟುಕೊಳ್ಳುವುದು ಕ್ಷೇಮ.

ಮರುಮಾರಾಟದ ಬಗ್ಗೆ ಒಂದು ಮಾತು. ಮೂಲಚಿತ್ರ ಹತ್ತು ಸಾವಿರಕ್ಕೂ ಹೆಚ್ಚಿಗೆ ಮರುಮಾರಾಟವಾದರೆ ಬರೆದವನಿಗೆ ಪಾಲು ಉಂಟು, ಅದು ಶೇಕಡ ಹತ್ತನ್ನು ಮೀರುವಂತಿಲ್ಲ ಎನ್ನುತ್ತದೆ ಕಾಯ್ದೆ. ನಾಲ್ಕು ತಾಲ್ಲೂಕಿನಲ್ಲಿ ಮರುಬಳಕೆಯುಂಟು, ಮರುಮಾರಾಟವಿಲ್ಲ. ಮದುವೆ ಮುಗಿದ ಫ್ಲೆಕ್ಸು ಈರುಳ್ಳಿ ರಾಶಿಯ ಮೇಲೆ, ಬಣವೆಯ ಮೇಲೆ, ಬಚ್ಚಲಿನ ಮರೆಗೆ ಹೋಗುತ್ತದೆ. ಮಳೆ ತಡೆಯುವ ವಿಷಯದಲ್ಲಿ ಚಿತ್ರದ ಮೌಲ್ಯವನ್ನು ಯಾರೂ ಪ್ರಶ್ನಿಸಿಲ್ಲ.

ಪ್ರಯೋಗ

ಸಿದ್ಧಾಂತವನ್ನು ಪ್ರಯೋಗದಿಂದ ಪರೀಕ್ಷಿಸುವ ಸಲುವಾಗಿ ಹೊಸದುರ್ಗದ ಹೋಟೆಲಿನವರ ಮುಂದೆ ಮೇಷ್ಟ್ರ ಕೈಯಲ್ಲಿ ಒಂದು ಚೀಟಿ ಇಡಿಸಲಾಯಿತು. ಅದರ ಪಾಠ: “ಈ ಕೋಳಿಯನ್ನು ಹೊಸದುರ್ಗ ಪಟ್ಟಣದೊಳಗೆ, ಒಂದು ಬೋರ್ಡಿಗೆ, ಮೂರು ವರ್ಷ ಬಳಸಬಹುದು. ಮೆನು ಕಾರ್ಡು, ಪಾರ್ಸೆಲ್ ಚೀಲ, ಎರಡನೇ ಬ್ರಾಂಚು, ವಾಟ್ಸಾಪ್ ಜಾಹೀರಾತು ಇವಕ್ಕೆ ಬೇರೆ ಮಾತು, ಬೇರೆ ದರ. ಸಹಿ ತೆಗೆಯುವಂತಿಲ್ಲ. ನಗು ಬದಲಿಸುವಂತಿಲ್ಲ. ಕೃತಿಸ್ವಾಮ್ಯ ಬರೆದವರದು. ದರ ರೂ. 1,500, ಮುಂಗಡ ರೂ. 750.”

ಮಾಲೀಕರು ಚೀಟಿಯನ್ನು ಎರಡು ಸಲ ಓದಿದರು. ಮುಂಗಡ ಎಣಿಸಿ ಕೊಟ್ಟರು, ಚೌಕಾಸಿ ಇಲ್ಲ. ಮೀಮಾಂಸೆ ಗೆದ್ದಿತೆಂದು ಪ್ರಬಂಧಕಾರ ಹಿಗ್ಗುವ ಹೊತ್ತಿಗೆ ಅವರು ಜೇಬಿನಿಂದ ಮೊಬೈಲ್ ತೆಗೆದು ಚೀಟಿಯ ಫೋಟೊ ಹೊಡೆದುಕೊಂಡರು.

“ಬಾಳ ಚೆನ್ನಾಗಿ ಬರ್ದೀರಿ ಮೇಷ್ಟ್ರೇ. ಮೇಲ್ಗಡೆ ಅಂಗಡಿ ಬಾಡಿಗೆ ಕೊಡ್ಬೇಕಿತ್ತು, ಕರಾರಿಗೆ ಇದನ್ನೇ ಹಂಗೇ ಹಾಕಿಸ್ಬಿಡ್ತೀನಿ. ಇದಕ್ಕೇನು ದುಡ್ಡಿಲ್ಲ ತಾನೇ?”